ಎಳ್ಳಷ್ಟು

ಮೈಮೇಲೆ, ಮೈಯೊಳಗೆ, ಲೋಹವೇನಾದರೂ ಇದೆಯೇ?
ಕೇಳುವುದು ನನ್ನ ಕೆಲಸ.
ಬೆಲ್ಟು ಬಿಚ್ಚಿದರು, ಗಡಿಯಾರ, ಬೀಗದಕೈ ಗೊಂಚಲು,
ಕೋಟಿನ ಜೇಬಿಂದ ಮೂರು ನಟ್ಟು, ಒಂದು ಬೋಲ್ಟು.
'ಸೇತುವೆಯದು' ಅಂದರು, ನಾಚಿಕೊಂಡವರಂತೆ.

ಫೊಕ್ಕೊ ಹಮ್ಮಿಂಗಾ. ಐವತ್ತೆಂಟು.
ಗ್ರೋನಿಂಗನ್ನಿನ ಕಾಲುವೆಯ ಮೇಲೆ
ಸೇತುವೆ ಎತ್ತುವ ಕೆಲಸ, ಮೂವತ್ತು ವರ್ಷ.
ದೋಣಿ ಬಂದರೆ ರಸ್ತೆಯನ್ನೇ ಎಬ್ಬಿಸಿ
ಆಕಾಶಕ್ಕೆ ಒರಗಿಸಿ, ದೋಣಿ ದಾಟಿದ ಮೇಲೆ
ಮತ್ತೆ ಮೆಲ್ಲಗೆ ಮಲಗಿಸುವವರು.
ಹೋದ ನವೆಂಬರಿನಿಂದ
ಸೇತುವೆ ಏಳುತ್ತದೆ,
ತಾನು ಏಳುವುದಿಲ್ಲ.
ನಮ್ಮ ಪಟ್ಟಿಯಲ್ಲಿ ಅವರು ನಲವತ್ತೊಂದು.

'ಎಳ್ಳಷ್ಟೂ ಅಲುಗಬೇಡಿ' ಅಂದೆ.
ಬರೀ ಮಾತಿಗೆ ಅಂದದ್ದಲ್ಲ.
ಈ ಯಂತ್ರ ಮಿದುಳನ್ನು ಎಳ್ಳುಕಾಳಿನಷ್ಟಷ್ಟೇ
ತುಣುಕು ಮಾಡಿ ನೋಡುತ್ತದೆ, ಕತ್ತಿಯಿಲ್ಲದೆ,
ಹನಿ ನೆತ್ತರಿಲ್ಲದೆ. ನೆತ್ತರು
ಯಾವಾಗ ಎಲ್ಲಿಗೆ ಓಡಿತು, ಅಷ್ಟೇ ಅದಕ್ಕೆ ಲೆಕ್ಕ.
ದುಃಖ ಕಾಣುವುದಿಲ್ಲ.
ದುಃಖ ತಂಗಿ ಹೋದ ಮನೆಯಲ್ಲಿ
ತುಸು ಉಸಿರು ಖರ್ಚಾಗಿರುತ್ತದೆ,
ಆ ಖರ್ಚಿನ ಚೀಟಿ ಕಾಣುತ್ತದೆ.

ಯಂತ್ರವನ್ನು ದೂರುತ್ತಿಲ್ಲ ನಾನು.
ನನ್ನಕ್ಕ ಗೇಸ್ಕೆಯನ್ನು ಇಪ್ಪತ್ತು ವರ್ಷ
ಮೈಗಳ್ಳಿ ಅಂದೆವು ಮನೆಮಂದಿಯೆಲ್ಲ. ನಾನೂ ಅಂದೆ.
ಆಗ ಒಂದು ಚಿತ್ರ ಇದ್ದಿದ್ದರೆ
ಇಲ್ಲಿ ನೋಡಿ, ಇಲ್ಲಿ, ಎಂದು
ಬೆರಳಿಡುವುದಕ್ಕಾದರೂ ಆಗುತ್ತಿತ್ತು ಅವಳಿಗೆ.

ಕಿವಿಗೆ ಬಿರಡೆ, ಕೈಗೊಂದು ರಬ್ಬರಿನ ಉಂಡೆ,
ಭಯವಾದರೆ ಹಿಸುಕಿ.
ಹಲಗೆ ಒಳಗೆ ಸರಿಯಿತು. ಆಮೇಲೆ ಆ ಸದ್ದು:
ಯಾರೋ ತಗಡಿನ ಬಾಗಿಲು ಬಡಿದಂತೆ,
ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಬಡಿದಂತೆ.

ಮೊದಲು ಮುಖಗಳು. ಅಳುವುದು, ನಗುವುದು,
ಏನೂ ಇಲ್ಲದ್ದು.
ಆಮೇಲೆ ಕನ್ನಡಿಯಲ್ಲಿ ಒಂದು ಸಾಲು:
'ಸಂತೋಷದ ಒಂದು ನೆನಪು ತಂದುಕೊಳ್ಳಿ.'
ಎಷ್ಟು ಸಲೀಸಾಗಿ ಬರೆದಿದ್ದಾರೆ,
ಮೂಲೆಯಂಗಡಿಯಿಂದ ಬ್ರೆಡ್ಡು ತನ್ನಿ ಎಂಬಂತೆ.

ಒಂದು ನಿಮಿಷ. ಎರಡು. ಐದು.
ಗಾಜಿನ ಈಚೆ ನನ್ನ ಕಾಫಿ ಆರಿತು.
ಏಳನೆಯದರಲ್ಲಿ
ತಲೆ ಅಲುಗಿತು.
ಪರದೆಯ ಗೆರೆ ಗಕ್ಕನೆ ಏರಿ ಬಿತ್ತು:
ಮೂರು ಮಿಲಿಮೀಟರು,
ಒಂದೆಳ್ಳು ಹಾರಿ ಇನ್ನೊಂದೆಳ್ಳಿನ ಜಾಗಕ್ಕೆ.

ಹೊರಬಂದವರು ಕ್ಷಮೆ ಕೇಳಿದರು.
'ನಗು ಬಂದುಬಿಟ್ಟಿತು.'
ನಗು?
'ನಮ್ಮಪ್ಪನೂ ಸೇತುವೆಯವನೇ.
ಗಾಳದ ಕೋಲಿಗೆ ಮರದ ಬೂಟು ಕಟ್ಟಿ
ದೋಣಿಯವರ ಮೂಗಿನ ಮುಂದೆ ಇಳಿಬಿಡುತ್ತಿದ್ದೆವು,
ಸುಂಕದ ಕಾಸು ಬೂಟಿಗೆ.
ನನಗೆ ಒಂಬತ್ತು. ಕೋಲು ನನ್ನ ಕೈಯಲ್ಲಿ.
ಕೆಂಪು ಟೋಪಿಯ ಹುಡುಗಿಯೊಬ್ಬಳು
ಕಾಸು ಹಾಕಲಿಲ್ಲ, ಕಪ್ಪೆ ಹಾಕಿದಳು. ಜೀವಂತ ಕಪ್ಪೆ!
ಅಪ್ಪ ಗಂಭೀರವಾಗಿ ಪುಸ್ತಕದಲ್ಲಿ ಬರೆದ:
ದೋಣಿ ಒಂದು, ಕಪ್ಪೆ ಒಂದು, ಸಂದಾಯ.'
ಹೇಳುತ್ತಾ ಬೂಟಿನ ದಾರ ಕಟ್ಟಲು ಬಗ್ಗಿದವರು
ಬಹಳ ಹೊತ್ತು ಬಗ್ಗಿಯೇ ಇದ್ದರು.
'ಅದು ಕಂಡಿತೇ, ಅಲ್ಲಿ?'

ನಾನು ಏನೂ ಹೇಳುವಂತಿಲ್ಲ, ನಿಯಮ.
ನಿಯಮ ಇನ್ನೊಂದಿದೆ: ತಲೆ ಅಲುಗಿದಷ್ಟು ಹೊತ್ತಿನದನ್ನು
ಕತ್ತರಿಸಿ ಎಸೆಯಬೇಕು.
ಉಳಿದದ್ದನ್ನು ನಲವತ್ತು ಜನರ ಜೊತೆ ಕೂಡಿ
ಭಾಗಿಸಿ, ಸರಾಸರಿ ತೆಗೆದು,
ಮಂಕು ನೀಲಿಯಲ್ಲಿ ಅಚ್ಚು ಹಾಕುತ್ತಾರೆ.
ಅಲುಗಿದ್ದಕ್ಕೆ ಕಾರಣ ಬರೆಯಲು ಚೌಕವೊಂದಿದೆ.
ಎಲ್ಲರಿಗೂ ಬರೆಯುವಂತೆ 'ಕೆಮ್ಮು' ಎಂದು ಬರೆದೆ.

ಸಂಜೆ ಡಾಕ್ಟರು ಕೇಳಿದರು, ನಲವತ್ತೊಂದು ಹೇಗಿದೆ?
ಚೆನ್ನಾಗಿದೆ ಅಂದೆ,
ಇಪ್ಪತ್ತು ಸೆಕೆಂಡು ಬಿಟ್ಟರೆ.

ತಟ್ಟೆಯಲ್ಲಿ ನಟ್ಟೊಂದು ಉಳಿದಿತ್ತು.
ಡ್ರಾಯರಿನಲ್ಲಿ ಹಾಕಿಟ್ಟಿದ್ದೇನೆ, ಕೇಳಿಕೊಂಡು ಬಂದರೆ ಕೊಡಲು.
ಊರಿನ ಯಾವುದೋ ಒಂದು ಸೇತುವೆ
ಈಗ ಅಷ್ಟೇ ಅಷ್ಟು ಸಡಿಲ.