ಪೆರೊ, ಪೆಱ್ಱೊ

ಹತ್ತು ನಿಮಿಷ, ಎಂದಿದ್ದರು. ಹನ್ನೆರಡು ಸ್ಲೈಡು.
ಚಿಲಿಯ ದಕ್ಷಿಣದಲ್ಲಿ ಚಿಪ್ಪು ಹೆಕ್ಕುವವರ ಸಹಕಾರಿ ಸಂಘ.
ಅವರಿಗೆ ಇಂಗ್ಲಿಷ್ ಬಾರದು, ನನಗೆ ಅವರ ಮಾತು
ಎಂಟು ತಿಂಗಳಷ್ಟು ಬರುತ್ತದೆ.
ಅದೂ ಕಾಜುಬಾಗದಲ್ಲಿ, ಸುಕೂರ್ ಬಾಬನ ಜಗಲಿಯಲ್ಲಿ,
ಮೂವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ
ಈರುಳ್ಳಿ ಹೆಚ್ಚುತ್ತ ಅವನು ಕದ್ದು ತಂದ ಸ್ಪ್ಯಾನಿಷ್.

ಮೊದಲ ದಿನವೇ ಅಂದ: ಹೆದರಬೇಡ,
ಕಾಲುಪಾಲು ನಿನ್ನ ಮನೆಯಲ್ಲೇ ಇದೆ.
ಮೇಜು ತಟ್ಟಿ, ಮೇಸಾ.
ಹೆಗಲಿನ ತುವಾಲು ಎಳೆದು, ತೊವಾಯಾ.
ಸಾಬೂನು, ಹಬೋನ್.
ಪಗಾರ್ ಅಂದರೆ ಅಲ್ಲಿ ಕೊಡುವುದು ಹುಡುಗಿ,
ಇಲ್ಲಿ ಕೈಗೆ ಬರುವುದು, ಬಂದರೆ!
ಎಂದೋ ಪೋರ್ಚುಗೀಸರ ಹಡಗಿಳಿದು
ನಮ್ಮ ಬಚ್ಚಲು, ಪಡಸಾಲೆ ಸೇರಿದ ಮಾತುಗಳಿಗೆ
ಇವು ದಾಯಾದಿಗಳು.

ಆದರೂ ನಾಲ್ಕು ಪುಟ ಬರೆದು ಬಾಯಿಪಾಠ ಮಾಡಿದೆ.
ಕೋಡಿಬಾಗದಲ್ಲಿ, ಕಾಳಿ ಕಡಲಿಗೆ ಬೀಳುವಲ್ಲಿ,
ಮಾರ್ಕೆಟ್ಟಿನಿಂದ ಬರಿಬುಟ್ಟಿಯೊಂದಿಗೆ ಬಂದ
ರುಕ್ಮಾ ಮೌಶಿಯನ್ನು ಕೂರಿಸಿ ಒಪ್ಪಿಸಿದೆ.
ಬುಟ್ಟಿ ಮೂಸುತ್ತ ಅವಳ ಕಂದು ನಾಯಿಯೂ ಕೂತಿತು.

ಮೌಶಿ ಎಲೆ ಮಡಚುತ್ತ ಪೂರ್ತಿ ಕೇಳಿದಳು.
'ಏನ್ ಹೇಳ್ದಿ ಗೊತ್ತಾಗ್ಲಿಲ್ಲ.
ಓದ್ತಾ ಇದ್ದಿ ಅಂತ ಮಾತ್ರ ಗೊತ್ತಾಯ್ತು.'
'ಕೈಯಲ್ಲಿ ಹಾಳೆ ಇಲ್ವಲ್ಲೇ!'
'ಕಣ್ಣು ಮೇಲೆ ಮೇಲೆ ಹೋಗ್ತಿತ್ತು. ಆಕಾಶದಲ್ಲಿ ಬರ್ದಿತ್ತಾ?
ನಾ ಹೀಂಗೆ ಪಾಠ ಒಪ್ಪಿಸಿದ್ರೆ ಪೇಟೇಲಿ ಬೆಕ್ಕೂ ನಿಲ್ಲೂದಿಲ್ಲ.
ಮೊದ್ಲು ಒಂದು ತಿಸ್ರೆ ಎತ್ತಿ ತೋರ್ಸು.
ಆಮೇಲೆ ಸುಮ್ನಿರು.
ಎಷ್ಟು ಅಂತ ಅವರೇ ಕೇಳ್ಲಿ.'

ಆ ರಾತ್ರಿ ಮೂರು ಪುಟ ಹರಿದೆ.
ಉಳಿದದ್ದು ಹದಿನೇಳು ಸಣ್ಣ ವಾಕ್ಯ, ಒಂದು ತಿಸ್ರೆ.
ಒಂದು ವಾಕ್ಯ ನಟ್ಟನಡುವೆ ಕುಸಿದರೆ?
ಕುಸಿಯಲಿ, ಅಂದ ಸುಕೂರ್ ಬಾಬ್,
ಕಾಳಿಯ ಹಳೇ ಸೇತುವೆ ಬಿದ್ದ ಬೆಳಿಗ್ಗೆ
ಗೋವೆಯ ಬಸ್ಸು ನಿಂತಿತೇ? ಪಕ್ಕದ್ದು ಹತ್ತಿತು.

ಕೊನೆಗುಳಿದದ್ದು 'ರ'.
ಪೆರೊ ಅಂದರೆ 'ಆದರೆ'. ನಾಲಿಗೆ ಒಮ್ಮೆ ತಾಗಿದರೆ ಸಾಕು.
ಅದೇ ನಾಲಿಗೆ ನಡುಗಿ ಉರುಳಿದರೆ ಪೆಱ್ಱೊ, ನಾಯಿ.
ಒಂಬತ್ತನೇ ಇಯತ್ತೆಯಲ್ಲಿ ಗುನಗಿ ಮಾಸ್ತರರು
ಬೋರ್ಡಿನ ಮೇಲೆ ಬರೆದಿದ್ದರು: ಱ.
ಶಕಟರೇಫ. ಸತ್ತು ಹೋದ ಅಕ್ಷರ. ಪರೀಕ್ಷೆಗೆ ಬರುವುದಿಲ್ಲ.
ವಾರವಿಡೀ ಪಾತ್ರೆ ತೊಳೆಯುತ್ತ, ಸ್ಕೂಟಿ ಓಡಿಸುತ್ತ
ಅದನ್ನೇ ಉರುಳಿಸಿದೆ, ಱ್ಱ, ಱ್ಱ,
ಏಳನೇ ದಿನ, ಸುಂಕೇರಿ ತಿರುವಿನಲ್ಲಿ,
ಅಜ್ಜಂದಿರ ಗಾಡಿಯೊಂದು ಬಾಯೊಳಗೆ ಗಡಗಡ ಹೊರಟಿತು.

ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಬೆಳಗು.
ಶುಭಸಂಜೆ ಅಂದುಬಿಟ್ಟೆ. ಹನ್ನೊಂದು ಮುಖ
ಉಣ್ಣೆಟೋಪಿಯೊಳಗಿಂದ ಕಿಟಕಿಯ ಕಡೆ ನೋಡಿದವು.
ತಿಸ್ರೆ ಎತ್ತಿ ಹಿಡಿದೆ. ಸುಮ್ಮನಾದೆ.
ಒಂದು, ಎರಡು, ಮೂರು...
ಎಷ್ಟು ಉದ್ದ ಅದು, ಮೂರು ಎಣಿಸುವ ಮೌನ!
ಪರದೆಯಲ್ಲಿ ಕುರ್ಚಿಗಳು ಮುಂದೆ ಸರಿದವು.

ಮಳೆಗಾಲದಲ್ಲಿ ಕಾಳಿ ಸಿಹಿಯಾಗುತ್ತಾಳೆ, ಅಂದೆ,
ಆದರೆ ಚಿಪ್ಪಿಗೆ ಉಪ್ಪು ಬೇಕು.
ಮರಿ ಇಳಿಯುತ್ತದೆ, ಆದರೆ ಬದುಕುವುದಿಲ್ಲ.
ನಾವು ಕಾಯುತ್ತೇವೆ, ಆದರೆ...
ಮಧ್ಯದ ಸಾಲಿನಲ್ಲೊಬ್ಬ ತುಟಿ ಕಚ್ಚಿಕೊಂಡ.
ಕಲಿತದ್ದೇ ಹೆಚ್ಚಾಗಿತ್ತು ನನಗೆ.
ಮೂರಕ್ಕೆ ಮೂರೂ ಸಲ ಉರುಳಿಸಿದ್ದೆ:
ಕಾಳಿ ಸಿಹಿಯಾಗುತ್ತಾಳೆ, ನಾಯಿ, ಚಿಪ್ಪಿಗೆ ಉಪ್ಪು ಬೇಕು.
ಮರಿ ಇಳಿಯುತ್ತದೆ, ನಾಯಿ, ಬದುಕುವುದಿಲ್ಲ.

ಮುಗಿದ ಮೇಲೆ ಮುದುಕಿಯೊಬ್ಬಳು ಕೈಯೆತ್ತಿದಳು.
ಗಾಳಿಯ ಹಾಗೆ ಮಾತಾಡಿದಳು, ಒಂದೂ ಸಿಗಲಿಲ್ಲ.
ಸುಕೂರ್ ಬಾಬ್ ಮೊಟ್ಟಮೊದಲು ಕಲಿಸಿದ ವಾಕ್ಯ ಹೇಳಿದೆ,
ದಯವಿಟ್ಟು, ಇನ್ನೂ ನಿಧಾನ.
ಅವಳು ಕೋಟಿನ ಜೇಬಿನಿಂದ ಅಲ್ಲಿಯದೊಂದು ಚಿಪ್ಪು ತೆಗೆದು,
ಬಿಳಿ, ನನ್ನದರ ಎರಡರಷ್ಟು,
ಕ್ಯಾಮೆರಾಕ್ಕೆ ಹಿಡಿದು, ಬಿಡಿಸಿ ಬಿಡಿಸಿ ಕೇಳಿದಳು:
ನಮ್ಮಲ್ಲೂ ಮರಿ ಸಾಯುತ್ತವೆ. ಉಪ್ಪು ಯಾವಾಗ ಅಳೆಯುತ್ತೀರಿ,
ಭರತದಲ್ಲೋ, ಇಳಿತದಲ್ಲೋ?
ಹೇಳಿದೆ. ಬರೆದುಕೊಂಡಳು.
ಆಮೇಲೆ ಕನ್ನಡಕದ ಮೇಲಿಂದ ನೋಡುತ್ತ,
ಸರಿ ಮಗಳೇ, ಆ ನಾಯಿ ಎಲ್ಲಿದೆ?

ಯಾವ ಪುಟದಲ್ಲೂ ಬರೆದಿರದ ವಾಕ್ಯ ಅದು,
ಆಕಾಶ ನೋಡದೆ ಹೇಳಿದೆ:
ಹೊರಗಿದೆ. ಮೀನಿನ ಬುಟ್ಟಿ ಕಾಯುತ್ತಿದೆ.