ಬಟ್ಟಿ ಇಲ್ಲದ ಪೆಡಲು

ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿಯಿಂದ
ಟಂಟಂ ಮ್ಯಾಲ ಅಡ್ಡ ಮಲಗಿ ಬಂತು
ಯಾರೋ ತುಳದು ಬ್ಯಾಸತ್ತು ಮಾರಿದ ಸೈಕಲ್ಲು.
ಹಿಂದಿನ ಗಾಲಿ ಇಲ್ಲ, ಮುಂದ ಒಂದು ಕಬ್ಬಿಣದ ಚಕ್ರ,
ಅದೂ ನೆಲ ಮುಟ್ಟಂಗಿಲ್ಲ.
ಓಣಿ ಹುಡುಗರು ಕೇಳಿದ್ರು,
'ಅಂಬವ್ವಾಯಿ, ಇದರ ಗಾಲಿ ಯಾರು ಕದ್ದಾರ?'

ಡಾಕ್ಟರು ಅಂದಿದ್ರು: ಸಕ್ಕರಿ ಎರಡು ನೂರಾ ಎಂಬತ್ತು,
ಮೊಣಕಾಲು ಬಿಗದಾವ,
ದಿನಾ ಇಪ್ಪತ್ತು ನಿಮಿಷ ಪೆಡಲು ತುಳೀರಿ.
ನಗು ಬಂತು ನನಗ.
ಮೂವತ್ತೊಂದು ವರ್ಷ ಮತ್ತೇನು ಮಾಡೀನಿ?
ಜಂಪರು, ಲಂಗಾ, ಸಾಲಿ ಹುಡುಗರ ಚಡ್ಡಿ,
ಇಡೀ ಬ್ರಹ್ಮಪುರದ ಮೈ ಮುಚ್ಚೀನಿ
ಈ ಎರಡು ಪಾದದಿಂದ.
ಹೋದ ಮೂರು ವರ್ಷದಿಂದ ಮಶೀನಿಗೆ ಮೋಟರು.
ಕಾಲಿಗೆ ಸುಖ ಆತು.
ಸುಖ ಸಕ್ಕರಿ ಆತು.

ಜೋಡಿಸಲಿಕ್ಕೆ ಖಾದರ್‌ಪಾಶಾ ಬಂದ,
ನನ್ನ ಮಶೀನಿನ ನಾಡಿ ಬಲ್ಲಾಂವ,
ಕಿಸೆದಾಗ ಮೂರು ಪಾನಾ.
ಶಹಾಬಾದಿ ಫರಸಿ ಒಂದು ಮೂಲ್ಯಾಗ ತಗ್ಗು,
ಸೈಕಲ್ಲು ಕುಂಟತಿತ್ತು.
ಜೀನ್ಸ್ ಚಿಂದಿ ನಾಲ್ಕು ಮಡಚಿ ಕೆಳಗ ತುರುಕಿದೆ.
'ಸೀಟು ಎಷ್ಟೆತ್ತರ ಇಡ್ಲಿ ಅಕ್ಕಾ?'
ಕೊರಳಾಗಿನ ಟೇಪು ತಗದೆ,
ಸೊಂಟದಿಂದ ಹಿಮ್ಮಡದ ತನಕ ಹಿಡದೆ.
ಮೂವತ್ತು ಇಂಚು, ಮ್ಯಾಲೊಂದು ಚೂರು.
ಊರ ಮಂದಿ ಅಳತಿ ಎಲ್ಲಾ ನನ್ನ ವಹಿಯಾಗ ಅದ,
ನನ್ನದು ಬರದದ್ದು ಅವತ್ತ ಮೊದಲು.

ಎಂಟು ದಿನಕ್ಕ ಕಿರ್ ಕಿರ್ ಶುರು.
ಹೊಸ ಸೊಸಿ ಹಂಗ, ಖಾದರ್‌ಪಾಶಾ ಅಂದ, ಕೂಡಲಿಕ್ಕೆ ಟೈಮ್ ಬೇಕು.
ಹೊಸ ಸೊಸಿ ಅಲ್ಲೋ, ಹಳೇ ಅತ್ತಿ ಇದು.
ಬೋಲ್ಟು ಸಡಲಾಗ್ಯಾವ.
ಈಗ ಅಮಾಸಿಗೊಮ್ಮೆ ನಾನೇ ಬಿಗೀತೀನಿ.
ಮಶೀನಿನ ಎಣ್ಣಿ ಎರಡೇ ಹನಿ,
ಬೆಲ್ಟಿಗೆ ತಾಗಬಾರದು, ತಾಗಿದ್ರ ಜಾರ್ತದ.
ತೊಗರಿ ಮಿಲ್ಲಿನ ಧೂಳು ಚಕ್ರಕ್ಕ ಕೂಡ್ತದ,
ಹ್ಯಾಂಡಲಿಗೆ ನನ್ನ ಬೆವರು;
ಮಲ್ಮಲ್ ತುಂಡಿಲೆ ಒರಸದಿದ್ರ
ಉಪ್ಪು ಕಬ್ಬಿಣ ತಿಂತದ.
ಬ್ರೇಕಿನ ಉಣ್ಣಿ ಸವದಿತ್ತು,
ಕೋಟಿನ ಕಾಲರಿಗೆ ಹಾಕೋ ದಪ್ಪನ ತುಂಡು ಕತ್ತರಿಸಿ ಹಚ್ಚೀನಿ.
ಗಿರಾಕಿ ಲಗ್ನಕ್ಕ ಹಾಕೋ ಕೋಟು,
ನನ್ನ ಚಕ್ರಕ್ಕ ಲಗಾಮು.

ಮೀಟರಿನ ಸೆಲ್ಲು ಸತ್ತದ. ಹಾಕ್ಸಿಲ್ಲ.
ಎದುರು ಮನಿ ಜಗದೇವಿ ಸಂಜಿಗೆ ರೊಟ್ಟಿ ಬಡೀತಾಳ,
ಆ ತಟ್ ತಟ್ಟೇ ನನ್ನ ಗಡಿಯಾರ:
ಹನ್ನೆರಡು ರೊಟ್ಟಿ, ಇಪ್ಪತ್ತು ನಿಮಿಷ.
ಬೀಗರು ಬಂದ ದಿನ ಇಪ್ಪತ್ತೈದು ಬಡದಳು.
ಮರುದಿನ ನಾ ಗ್ವಾಡಿ ಹಿಡದು ನಡದೆ.

ಆದರ ಮೊದಮೊದಲು
ತುಳಿಯುವಾಗ ಕೈ ತಾನೇ ಮುಂದ ಬರ್ತಿತ್ತು,
ಬಟ್ಟಿ ಸರಸಲಿಕ್ಕೆ.
ಅಲ್ಲಿ ಏನೂ ಇರ್ತಿದ್ದಿಲ್ಲ.
ಇಷ್ಟು ತುಳದು ಒಂದು ಕಾಜಿ ಸೈತ ಆಗಲಿಲ್ಲಲ್ಲ ಅಂತ
ಕಾಲಿಗೆ ನಾಚಿಕಿ.

ಮೇ ತಿಂಗಳು. ಕರೆಂಟು ಹೋತು.
ಕೆಲಸ ಕಲೀಲಿಕ್ಕೆ ಬರೋ ತಬಸ್ಸುಮ್ ಮಶೀನಿನ ಮುಂದ
ಮದಲಗಿತ್ತಿ ಜಂಪರಿನ ಒಂದು ತೋಳು ಹಿಡದು ಕುಂತಿದ್ದಳು.
ಮೋಟರು ತಗದು ಹಳೇ ಚರ್ಮದ ಬೆಲ್ಟು ಏರಿಸಿ ಕೊಟ್ಟೆ.
ತುಳದಳು. ಚಕ್ರ ಉಲ್ಟಾ ತಿರುಗಿತು,
ದಾರ ಕಡೀತು, ಆಕಿ ಕಣ್ಣಾಗ ನೀರು.

ನಾ ಸೈಕಲ್ ಏರಿದೆ.
'ಸೂಜಿ ನೋಡಬ್ಯಾಡ, ನನ್ನ ಕಾಲು ಕೇಳು.'
ಅದು ಹಿಂದ-ಮುಂದ, ಇದು ಸುತ್ತ,
ಆದರೂ ಅವಸರ ಇಲ್ಲದ್ದು ಎರಡಕ್ಕೂ ಒಂದೇ.
ಸ್ವಲ್ಪ ಹೊತ್ತು ಆಕಿ ತಪ್ಪಿದಳು. ಮತ್ತ ತಪ್ಪಿದಳು.
ಆಮ್ಯಾಲ ಎರಡೂ ಸಪ್ಪಳ ಕೂಡಿದವು.
ಕತ್ತಲಾಗೋದರಾಗ ತೋಳು ಜಂಪರಿಗೆ ಕೂತಿತ್ತು.

ಕರೆಂಟು ಬಂತು. ಪಂಖಾ ತಿರುಗಿತು.
ತಬಸ್ಸುಮ್ ತುಳಿಯೋದು ಬಿಡಲಿಲ್ಲ.
ನಾನೂ ಇಳೀಲಿಲ್ಲ;
ಜಗದೇವಿ ಮನ್ಯಾಗ ಇನ್ನೂ
ಮೂರು ರೊಟ್ಟಿ ಬಾಕಿ ಇದ್ದವು.