ಉಗುಳು

ನಮ್ಮ ಅಲ್ಪಾಕಗಳಿಗೆ ಬೆದೆಯ ದಿನವೆಂಬುದಿಲ್ಲ.
ಗಂಡು ಮೇಲೇರಿದ ನಂತರವೇ ಒಳಗೆಲ್ಲೋ
ಮೊಟ್ಟೆ ಕಳಚಿಕೊಳ್ಳುವುದು.
ಜನವರಿಯ ಮಳೆಗೆ ಜೌಗಿನ ಹುಲ್ಲು ತಲೆಯೆತ್ತಿದರೆ
ಅಜ್ಜಿ ದೊಮಿತಿಲಾ ಮೂರು ಕೋಕಾ ಎಲೆ ಆರಿಸಿ,
ಹಿಮಬೆಟ್ಟದ ಅಪುವಿನ ಕಡೆ ಊದಿ,
ಕಲ್ಲುದೊಡ್ಡಿಯ ಅಗಳಿ ತೆಗೆಯುತ್ತಿದ್ದಳು:
"ಹೂಂ, ಬಿಡು ಅವನನ್ನ."

ಅವನು ಕಂದು ಮೈಯವನು, ನಾವಿಟ್ಟ ಹೆಸರು ಮಂತ್ರಿ.
ಕತ್ತು ಚಾಚಿ, ತುಟಿಯೆತ್ತಿ ಗಾಳಿ ಕುಡಿದು
ಗಂಟಲಲ್ಲೇ ಗೊರಗೊರ ಶುರುಮಾಡುತ್ತಾನೆ,
ಒದ್ದೆ ಹಗ್ಗವನ್ನು ತಗಡಿನ ಮೇಲೆ ಎಳೆದ ಹಾಗೆ.
ಒಪ್ಪಿದವಳು ಕಾಲು ಮಡಿಸಿ ಕೂರುತ್ತಾಳೆ.
ಅಷ್ಟೇ. ಅರ್ಧ ಗಂಟೆ, ಒಮ್ಮೊಮ್ಮೆ ಹೆಚ್ಚು,
ಅವನದು ಗೊರಗೊರ, ಅವಳದು
ದೂರದ ಹಿಮ ನೋಡುತ್ತಾ ಮೆಲುಕು.
ಪಕ್ಕದಲ್ಲಿ ಇನ್ನಿಬ್ಬರು, ಯಾರೂ ಕರೆಯದೆ,
ಆ ಸದ್ದಿಗೇ ಕೂತುಬಿಡುತ್ತಾರೆ.

ಎರಡು ವಾರ ಕಳೆದು ಮಂತ್ರಿಯನ್ನು ಮತ್ತೆ ತರಬೇಕು.
ಗಬ್ಬ ನಿಂತಿದ್ದರೆ ಕೂರುವುದಿಲ್ಲ.
ಕಿವಿ ಹಿಂದಕ್ಕೊತ್ತಿ, ಹೊಟ್ಟೆಯ ತಳದಿಂದ
ಹಸಿರು ಹುಳಿಯನ್ನೆಳೆದು ಅವನ ಮುಖಕ್ಕೇ, ಥೂ!
ಹುರಿದ ಮೆಕ್ಕೆಜೋಳದ ಕಾಳೊಂದನ್ನು
ಅಜ್ಜಿ ಶಾಲಿನ ಗಂಟಿಗೆ ಹಾಕುತ್ತಾಳೆ.
ಒಂದು ಉಗುಳಿಗೆ ಒಂದು ಕಾಳು.
ನಮ್ಮ ಲೆಕ್ಕದ ಪುಸ್ತಕ ಅದೇ.

ಬಿಳಿ ಯುರಕ್ ಮಾತ್ರ ಉಗುಳಲಿಲ್ಲ.
ಮೂರು ವರ್ಷ. ಮಂತ್ರಿಯನ್ನು ತಂದಾಗಲೆಲ್ಲ
ಹೊಸ ಹುಡುಗಿಯಂತೆ ಕೂತಳು.
ಗೊಡ್ಡಿಗೆ ನಾಲ್ಕನೆಯ ವರ್ಷದ ಹುಲ್ಲಿಲ್ಲ
ಎಂಬುದು ನಮ್ಮ ಕಡೆಯ ಮಾತು.

ಸಿಕುವಾನಿಯಿಂದ ಲಾರಿಯಲ್ಲಿ ಬಂದ ಬೊನಿಫಾಸಿಯೊ,
ಒಣಮಾಂಸದ ವ್ಯಾಪಾರಿ,
ಬೆನ್ನು ಒತ್ತಿದ, ತೊಡೆ ಹಿಡಿದ,
ತುಟಿ ಬಿಡಿಸಿ ಹಲ್ಲು ಎಣಿಸಿದ,
ನೂರಾ ತೊಂಬತ್ತು ಸೋಲ್ ಎಂದ.
ಹಗ್ಗ ನನ್ನ ಕೈಯಲ್ಲಿತ್ತು. ಆಗ ನನಗೆ ಹನ್ನೊಂದು.

ಅವಳು ಕಿವಿ ಹಿಂದಕ್ಕೊತ್ತಿದ್ದು ಕಂಡೆ.
ಹೇಳಲಿಲ್ಲ.

ಹ್ಯಾಟು, ಹುಬ್ಬು, ಹೊಸ ಜರ್ಕಿನ್ನು, ಎಲ್ಲ ಹಸಿರು.

ಅಜ್ಜಿ ನಗಲಿಲ್ಲ. ಗಂಟು ಬಿಚ್ಚಿ ಕಾಳೊಂದು ಹಾಕಿದಳು.
"ಗಬ್ಬದ್ದನ್ನ ಮಾರೋದಿಲ್ಲಪ್ಪ."
"ಉಗುಳಿದ್ದು ನನ್ನ ಮೇಲೆ, ತಾಯಿ!
ನಾನೇನು ನಿನ್ನ ಮಂತ್ರಿಯೇ?"
"ಬೇಡ ಅಂದದ್ದು ಬೇಡವೇ. ಯಾರಿಗೆ ಅಂದರೇನು."

ಹಿಂದಿನ ದಿನವಷ್ಟೇ ಯುರಕ್ ಮಂತ್ರಿಗೆ ಕೂತದ್ದು
ಅಜ್ಜಿಗೆ ಗೊತ್ತು, ನನಗೆ ಗೊತ್ತು.
ಲಾರಿ ಇಳಿಜಾರಿನಲ್ಲಿ ಕೆಮ್ಮುತ್ತಾ ಹೋಯಿತು.
ಆ ರಾತ್ರಿ ಅವಳ ಉಣ್ಣೆಯಲ್ಲಿ ಕಿವಿ ಹುದುಗಿಸಿ ಕೇಳಿದೆ:
ಹುಲ್ಲು ಅರೆಯುವ ಸದ್ದು, ನೀರಿನ ಸದ್ದು,
ನನ್ನದೇ ಇರಬಹುದಾದ ಒಂದು ಬಡಿತ.

ಡಿಸೆಂಬರಿನಲ್ಲಿ ಮರಿಗಳು ಬಿದ್ದವು,
ಇಬ್ಬನಿ ಕರಗುವ ಹೊತ್ತಿಗೆ, ಒದ್ದೆ ಕಾಲುಗಳ ಮೇಲೆ.
ಒಂದೊಂದು ಮರಿಗೂ ಗಂಟಿನಿಂದ ಒಂದು ಕಾಳು ಹೊರಗೆ.
ಕೊನೆಗೆ ಒಂದು ಉಳಿಯಿತು.
ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ,
ಬಾಯಿಗೆ ಹಾಕಿ, ಕಟುಂ ಎಂದು ಅಗಿದಳು.

"ಉಣ್ಣೆ ಕೊಡ್ತಾಳಲ್ಲ," ಎಂದಳು.
ಯಾರೂ ಕೇಳಿರಲಿಲ್ಲ.